ಮಂಡಿ ಮುರಿದರೆ ಮಾತೂ ಮುರಿಯಬೇಕೇ? ಅಮೆರಿಕದ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ವಿಶ್ವವಿದ್ಯಾಲಯಗಳ ಅಧ್ಯಕ್ಷರಿಗೆ ಮತ್ತು ಕ್ರೀಡಾ ನಿರ್ದೇಶಕರಿಗೆ,

ಮಾನ್ಯರೇ,

ನಾನು ನ್ಯೂಜೆರ್ಸಿಯಲ್ಲಿ ಫಿಸಿಯೋಥೆರಪಿಸ್ಟ್. ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಹೈಸ್ಕೂಲ್ ಮಕ್ಕಳು. ಸಾಕರ್ (ನಮ್ಮಲ್ಲಿ ಫುಟ್‌ಬಾಲ್ ಅನ್ನುವುದು), ಬ್ಯಾಸ್ಕೆಟ್‌ಬಾಲ್, ಲಕ್ರಾಸ್, ಟ್ರ್ಯಾಕ್ ಅಂತ ಆಡಿ ಮಂಡಿಯನ್ನೋ ಭುಜವನ್ನೋ ಕಾಲಿನ ಗಿಣ್ಣನ್ನೋ ನೋಯಿಸಿಕೊಂಡು ಬರುತ್ತಾರೆ. ಅವರ ಪರವಾಗಿ ನಿಮ್ಮಲ್ಲಿ ಒಂದನ್ನು ಕೇಳಬೇಕಿದೆ. ಹೈಸ್ಕೂಲಿನಲ್ಲಿರುವ ಆಟಗಾರನಿಗೋ ಆಟಗಾರ್ತಿಗೋ ಸ್ಕಾಲರ್‌ಶಿಪ್ ಕೊಡುತ್ತೇವೆಂದು ನಿಮ್ಮ ಕೋಚ್ ಹೇಳಿ, ಆ ಮಗು ಒಪ್ಪಿಕೊಂಡ ಮೇಲೆ ಗಾಯವಾದರೆ, ಹೇಳಿದ ಸ್ಕಾಲರ್‌ಶಿಪ್ ಕೊಡಿ. ಅದು ಕೋಚ್‌ನ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗದೆ ವಿಶ್ವವಿದ್ಯಾಲಯದ ನಿಯಮವಾಗಲಿ.

ನಿಮಗೆ ಇಂಗ್ಲಿಷಿನಲ್ಲಿ ಬೇರೆಯಾಗಿ ಬರೆದಿದ್ದೇನೆ. ಕನ್ನಡದಲ್ಲಿ, ಎಲ್ಲರ ಎದುರಿಗೆ ಬರೆಯುತ್ತಿರುವುದಕ್ಕೆ ಕಾರಣ ಈ ವಿಷಯ ನಮ್ಮ ಮನೆಗಳ ಒಳಗೂ ಬಂದಿರುವುದು. ಮೈಸೂರಿನಲ್ಲಿ ಹುಟ್ಟಿ ಮೇರಿಲ್ಯಾಂಡ್‌ನಲ್ಲಿ ಬೆಳೆದ ವಿಕಾಸ್ ಗೌಡ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಪರವಾಗಿ 2006ರಲ್ಲಿ ಡಿಸ್ಕಸ್ ಎಸೆತದ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದಾಗ, ಆಮೇಲೆ 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದಾಗ, ಇಲ್ಲಿನ ಕನ್ನಡಿಗರು ಹೆಮ್ಮೆಯಿಂದ ಮಾತಾಡಿಕೊಂಡೆವು. ಆಗ ಅಂಥವರು ನಮ್ಮಲ್ಲಿ ಅಪರೂಪ. ಈಗ ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋದರೆ ಒಂದು ಮೇಜಿನಲ್ಲಾದರೂ ಕ್ಲಬ್ ಸಾಕರ್, ಈಜು, ಟೆನಿಸ್, ರಿಕ್ರೂಟಿಂಗ್ ಇದೇ ಮಾತು. ಆದರೆ ಆಫರ್ ಅಂದರೆ ಏನು, ಅದು ಯಾವಾಗ ಗಟ್ಟಿ, ಯಾವಾಗ ಬರೀ ಮಾತು ಎಂಬುದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿಲ್ಲದಿರುವುದು ಅವರ ತಪ್ಪೂ ಅಲ್ಲ.

ಹಾಗಾಗಿ ಮೊದಲು ಕ್ಯಾಲೆಂಡರ್. ಹೆಚ್ಚಿನ ಆಟಗಳಲ್ಲಿ ನಿಮ್ಮ ಕೋಚ್‌ಗಳು ಒಂದು ಮಗುವಿನ ಜತೆ ನೇರವಾಗಿ ಮಾತಾಡಲು ಅನುಮತಿ ಸಿಗುವುದು ಹತ್ತನೇ ತರಗತಿ ಮುಗಿದ ಮೇಲಿನ ಜೂನ್ 15ರಿಂದ. ಅವತ್ತು ರಾತ್ರಿ ಹನ್ನೆರಡು ಹೊಡೆದ ಕೂಡಲೇ ಮೆಸೇಜುಗಳು ಬರಲು ಶುರುವಾಗುತ್ತವೆ. ಕೆಲವು ವಾರಗಳಲ್ಲಿ, ಕೆಲವು ತಿಂಗಳಲ್ಲಿ ಬಾಯಿಮಾತಿನ ಆಫರ್. ಬರಹದಲ್ಲಿ ಆಫರ್ ಕೊಡಬಹುದಾದದ್ದು ಹನ್ನೆರಡನೇ ತರಗತಿ ಶುರುವಾಗುವ ಆಗಸ್ಟ್ 1ರಿಂದ. ಸಹಿ ಹಾಕುವುದು ಹೆಚ್ಚಿನ ಆಟಗಳಲ್ಲಿ ಆ ವರ್ಷದ ನವೆಂಬರ್‌ನಲ್ಲಿ, ಫುಟ್‌ಬಾಲ್‌ನಲ್ಲಿ (ಇಲ್ಲಿ ಹಾಗಂದರೆ ಅಮೆರಿಕನ್ ಫುಟ್‌ಬಾಲ್) ಡಿಸೆಂಬರ್‌ನಲ್ಲಿ. 1964ರಿಂದ ನಡೆದುಬಂದಿದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ (ಈ ಕಾಲೇಜಿಗೇ ಸೇರುತ್ತೇನೆಂದು ಆಟಗಾರರು ಸಹಿ ಹಾಕುವ ಪತ್ರ) ಪದ್ಧತಿಯನ್ನು 2024ರ ಅಕ್ಟೋಬರ್‌ನಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ನಿಲ್ಲಿಸಿತು. ಈಗ ಸಹಿ ಬೀಳುವುದು ನೇರವಾಗಿ ಹಣಕಾಸಿನ ನೆರವಿನ ಒಪ್ಪಂದದ ಮೇಲೆ.

ಸಹಿ ಬಿದ್ದ ಮೇಲೆ ಮಗುವಿಗೆ ರಕ್ಷಣೆ ಇದೆ. ಒಪ್ಪಂದದ ಅವಧಿಯಲ್ಲಿ ಗಾಯದ ಕಾರಣ ಕೊಟ್ಟು ನೆರವನ್ನು ಕಡಿಮೆ ಮಾಡುವಂತಿಲ್ಲ ಎಂಬ ನಿಯಮ ನಿಮ್ಮ ಪುಸ್ತಕದಲ್ಲೇ ಇದೆ. ಆದರೆ ಆ ಜೂನ್‌ನಿಂದ ಮರುವರ್ಷದ ನವೆಂಬರ್‌ವರೆಗೆ 17 ತಿಂಗಳು. ಆ 17 ತಿಂಗಳಲ್ಲಿ ನಿಮ್ಮ ಮೇಲೆ ಯಾವ ಬಂಧನವೂ ಇಲ್ಲ. ಮಗುವಿನ ಮೇಲೆ ಮಾತ್ರ ಇದೆ, ಕಾಗದದಲ್ಲಿ ಇಲ್ಲದಿದ್ದರೂ. ನಮ್ಮ ಕಡೆ ನಿಶ್ಚಿತಾರ್ಥಕ್ಕೆ ಮುಂಚೆ "ಮಾತುಕತೆ ಆಗಿದೆ" ಅನ್ನುತ್ತಾರೆ. ಆಮೇಲೆ ಆ ಮನೆಗೆ ಬೇರೆ ಸಂಬಂಧ ಯಾರೂ ತರುವುದಿಲ್ಲ, ತಂದರೂ ಮನೆಯವರು ಬೇಡ ಅನ್ನುತ್ತಾರೆ. ಬಾಯಿಮಾತಿನ ಆಫರ್ ಒಪ್ಪಿಕೊಂಡ, ಅಂದರೆ ಕಮಿಟ್ ಆದ ಹುಡುಗಿಯ ಸ್ಥಿತಿ ಇದೇ. ಉಳಿದ ಕೋಚ್‌ಗಳಿಗೆ ಅವಳೇ ಥ್ಯಾಂಕ್ಸ್ ಹೇಳಿ ಪತ್ರ ಬರೆಯುತ್ತಾಳೆ. ಅವರು ತಮ್ಮ ಪಟ್ಟಿಯಿಂದ ಅವಳ ಹೆಸರು ತೆಗೆಯುತ್ತಾರೆ. ಹಾಗೆ ಮಾಡು ಎಂದು ಹೇಳುವವರು ನಿಮ್ಮ ಕೋಚ್‌ಗಳೇ: ಕಮಿಟ್ ಆದ ಮೇಲೆ ಬೇರೆ ಕ್ಯಾಂಪಸ್ ನೋಡಲು ಹೋಗಬೇಡ, ಹೋದರೆ ನಿನ್ನ ಜಾಗ ಇನ್ನೊಬ್ಬರಿಗೆ.

ಅವಳು ಬೇರೆ ಬಾಗಿಲುಗಳನ್ನೆಲ್ಲ ತಾನೇ ಮುಚ್ಚಿಕೊಂಡು ಬಂದದ್ದು ನಿಮ್ಮ ಮಾತನ್ನು ನಂಬಿ. ಸ್ಕಾಲರ್‌ಶಿಪ್ ಬದಲಿಗೆ ಅವಳು ನಿಮಗೆ ಮುಂಗಡವಾಗಿ ಕೊಟ್ಟದ್ದು ಅದು, ಮತ್ತು ನೀವು ಅದನ್ನು ಪಡೆದುಕೊಂಡಿದ್ದೀರಿ. ನನ್ನ ವಾದದ ಬುಡ ಇಷ್ಟೇ.

ಈಗ ನನ್ನ ಕೆಲಸದ ಕಡೆಯಿಂದ. ಮಂಡಿಯ ಎಸಿಎಲ್ ಎಂಬ ಲಿಗಮೆಂಟ್ ಹರಿಯುವುದು ಬಹುಪಾಲು ಸಲ ಯಾರೂ ತಳ್ಳದೆ, ಯಾರೂ ಡಿಕ್ಕಿ ಹೊಡೆಯದೆ. ಓಡುತ್ತಿರುವಾಗ ತಟ್ಟನೆ ದಿಕ್ಕು ಬದಲಿಸುವುದು, ನೆಗೆದು ಒಂದೇ ಕಾಲಲ್ಲಿ ಇಳಿಯುವುದು, ಅಷ್ಟೇ ಸಾಕು. "ಪಟ್ ಅಂತ ಸದ್ದು ಕೇಳಿಸ್ತು ಆಂಟಿ" ಅಂತ ಮಕ್ಕಳು ಹೇಳುತ್ತಾರೆ. ಅದರಲ್ಲಿ ಆಟಗಾರನ ಅಜಾಗರೂಕತೆ ಇಲ್ಲ, ಕೌಶಲದ ಕೊರತೆಯೂ ಇಲ್ಲ. ನೀವು ಯಾವ ವೇಗವನ್ನು, ಯಾವ ತಿರುವನ್ನು ವಿಡಿಯೊದಲ್ಲಿ ನೋಡಿ ಮೆಚ್ಚಿ ಆಫರ್ ಕೊಟ್ಟಿರೋ ಅದೇ ವೇಗ, ಅದೇ ತಿರುವು. ಆಪರೇಷನ್ನಿನಲ್ಲಿ ಅವರದೇ ತೊಡೆಯ ಹಿಂಭಾಗದ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ಒಂದು ಪಟ್ಟಿ ತೆಗೆದು ಹೊಸ ಲಿಗಮೆಂಟ್ ಕೂರಿಸುತ್ತಾರೆ. ಆಮೇಲೆ ಕನಿಷ್ಠ ಒಂಬತ್ತು ತಿಂಗಳು ನನ್ನಂಥವರ ಕೈಯಲ್ಲಿ. ಮೊದಲು ಕಾಲು ನೇರ ಮಾಡುವುದು, ತೊಡೆಗೆ ಬಲ ಬರಿಸುವುದು, ಆಮೇಲೆ ಓಟ, ಆಮೇಲೆ ನೆಗೆತ, ಕೊನೆಗೆ ಒಂದೇ ಕಾಲಲ್ಲಿ ಕುಪ್ಪಳಿಸಿ ಎರಡೂ ಕಾಲುಗಳ ದೂರ ಅಳೆದು ಹೋಲಿಸುವುದು. ಗಾಯವಾದ ಕಾಲು ಇನ್ನೊಂದರ ನೂರಕ್ಕೆ ತೊಂಬತ್ತರಷ್ಟಾದರೂ ಬಂದಿರಬೇಕು. ಒಂಬತ್ತು ತಿಂಗಳಿಗೆ ಮುಂಚೆ ಮೈದಾನಕ್ಕೆ ಇಳಿದವರಿಗೆ ಮತ್ತೆ ಹರಿಯುವ ಅಪಾಯ ಬಹಳ ಹೆಚ್ಚು.

ಈ ಒಂಬತ್ತು ತಿಂಗಳನ್ನು ನಿಮ್ಮ ಕ್ಯಾಲೆಂಡರ್ ಪಕ್ಕ ಇಟ್ಟು ನೋಡಿ. ಹನ್ನೆರಡನೇ ತರಗತಿಯ ಸೆಪ್ಟೆಂಬರ್‌ನಲ್ಲಿ ಮಂಡಿ ಹೋಯಿತು, ಅಕ್ಟೋಬರ್‌ನಲ್ಲಿ ಆಪರೇಷನ್ ಆಯಿತು ಅಂದುಕೊಳ್ಳಿ. ಒಂಬತ್ತು ತಿಂಗಳು ಅಂದರೆ ಜುಲೈ. ನಿಮ್ಮ ಕಾಲೇಜು ತೆರೆಯುವುದು ಆಗಸ್ಟ್‌ನಲ್ಲಿ. ಎಲ್ಲ ಸರಿಯಾಗಿ ಆದರೆ ಆ ಹುಡುಗಿ ನಿಮ್ಮ ಮೊದಲ ಪ್ರಾಕ್ಟೀಸಿಗೆ ತನ್ನ ಕಾಲ ಮೇಲೆ ನಿಂತಿರುತ್ತಾಳೆ. ಸ್ವಲ್ಪ ತಡವಾದರೂ ಮೊದಲ ವರ್ಷ ಕೂತು ಉಳಿದ ಮೂರು, ನಾಲ್ಕು ವರ್ಷ ಆಡುತ್ತಾಳೆ. ಆದರೂ ನವೆಂಬರ್‌ನಲ್ಲಿ ಆಫರ್ ವಾಪಸ್ ಪಡೆಯುತ್ತೀರಿ. ಹಾಗಿದ್ದರೆ ಅದಕ್ಕೆ ಕಾರಣ ಅವಳ ಮಂಡಿ ಅಲ್ಲವೇ ಅಲ್ಲ. ನವೆಂಬರ್‌ನಲ್ಲಿ ಸಹಿಗೆ ಸಿದ್ಧವಾಗಿರುವ ಇನ್ನೊಂದು ಮಗು ನಿಮಗೆ ಸಿಕ್ಕಿದೆ. ಎಂಆರ್‌ಐ ರಿಪೋರ್ಟ್ ಒಂದು ನೆಪ.

ನನ್ನಲ್ಲಿಗೆ ಬಂದ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಹೇಳಬೇಕು, ಕಾಲೇಜಿನ ಹೆಸರೂ ಬೇಡ. ಸಾಕರ್‌ನಲ್ಲಿ ಮಿಡ್‌ಫೀಲ್ಡರ್. ಹನ್ನೊಂದನೇ ತರಗತಿಯ ಚಳಿಗಾಲದಲ್ಲಿ ಕಮಿಟ್ ಆಗಿದ್ದಳು, ಅರ್ಧದಷ್ಟು ಖರ್ಚು ಕೊಡುವ ಮಾತು. ಮುಂದಿನ ಶರತ್ಕಾಲದಲ್ಲಿ ಮಂಡಿ ಹೋಯಿತು. ಕೋಚ್ ಫೋನ್ ಮಾಡಿ ಅಳಬೇಡ, ನಾವಿದ್ದೇವೆ ಅಂದರಂತೆ. ಸಹಿಗೆ ಕೆಲವೇ ದಿನ ಇರುವಾಗ ಇನ್ನೊಂದು ಫೋನ್. ಟೀಮಿಗೆ ಸೇರಿಸಿಕೊಳ್ಳುತ್ತೇವೆ, ಸದ್ಯಕ್ಕೆ ವಾಕ್-ಆನ್ ಆಗಿ ಬಾ, ಮುಂದಿನ ವರ್ಷ ನೋಡೋಣ. ವಾಕ್-ಆನ್ ಅಂದರೆ ಆಟ ಉಂಟು, ಹಣ ಇಲ್ಲ. ವರ್ಷಕ್ಕೆ 80,000 ಡಾಲರ್ ದಾಟುವ ಖಾಸಗಿ ಕಾಲೇಜಿನಲ್ಲಿ ಹಣ ಇಲ್ಲ ಅಂದರೆ ಬರಬೇಡ ಎಂದೇ ಅರ್ಥ. ಅವಳ ಅಪ್ಪ ಅಮ್ಮ ಉಳಿದ ಎರಡು ಕಾಲೇಜುಗಳಿಗೆ ಮತ್ತೆ ಬರೆದರು. ಒಂದು ಕಡೆ ಜಾಗ ತುಂಬಿತ್ತು. ಇನ್ನೊಂದು ಕಡೆಯಿಂದ ಉತ್ತರವೇ ಬರಲಿಲ್ಲ. ಹುಡುಗಿ ವ್ಯಾಯಾಮ ಬಿಡಲಿಲ್ಲ, ಹೇಳಿದ್ದನ್ನೆಲ್ಲ ಮಾಡಿದಳು, ಆದರೆ ಒಂದು ಮಧ್ಯಾಹ್ನ ನನ್ನನ್ನು ಕೇಳಿದಳು, "ನಾನು ಏನು ತಪ್ಪು ಮಾಡ್ದೆ?" ಅವಳಿಗೆ ಅವತ್ತು ಏನು ಉತ್ತರ ಕೊಟ್ಟರೂ ಅದು ಸಾಲುತ್ತಿರಲಿಲ್ಲ. ಉತ್ತರ ಕೊಡಬೇಕಾದವರು ನೀವು.

ಇದರ ಇನ್ನೊಂದು ಪರಿಣಾಮ ನಿಮ್ಮ ಆಫೀಸಿಗೆ ಕಾಣಿಸುವುದಿಲ್ಲ, ನನಗೆ ಕಾಣಿಸುತ್ತದೆ. ಮಕ್ಕಳು ನೋವನ್ನು ಮುಚ್ಚಿಡುತ್ತಾರೆ. ಆಫರ್ ಕೈಯಲ್ಲಿರುವ ಮಗುವಿಗೆ ಪ್ರತಿ ಸಲ ಡಾಕ್ಟರ ಬಳಿ ಹೋಗುವುದೂ ಅಪಾಯ. ತಲೆಗೆ ಪೆಟ್ಟಾಗಿ ಕಣ್ಣು ಕತ್ತಲೆ ಬಂದರೂ "ಏನಿಲ್ಲ, ಚೆನ್ನಾಗಿದೀನಿ" ಅನ್ನುತ್ತಾರೆ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಐಬುಪ್ರೊಫೆನ್ ನುಂಗಿ ಟೂರ್ನಮೆಂಟ್ ಆಡುತ್ತಾರೆ. ತಂದೆತಾಯಿಗಳೂ ಪಿಸುಮಾತಿನಲ್ಲಿ ಕೇಳುತ್ತಾರೆ, "ಇದನ್ನ ಸ್ಕೂಲಿಗೆ ತಿಳಿಸಲೇಬೇಕಾ? ಕೋಚ್ ಕಿವಿಗೆ ಬಿದ್ದರೆ?" ಮೊದಲ ಪೆಟ್ಟು ಮಾಯುವ ಮುಂಚೆ ತಲೆಗೆ ಎರಡನೇ ಪೆಟ್ಟು ಬಿದ್ದರೆ ಪ್ರಾಣಕ್ಕೇ ಕುತ್ತು ಬರಬಹುದು ಎಂಬುದು ಗೊತ್ತಿದ್ದ ತಾಯಂದಿರೂ ಕೇಳುತ್ತಾರೆ. ನಾನು ಅವರನ್ನು ಬೈಯುವುದಿಲ್ಲ. ಗಾಯ ಹೇಳಿಕೊಂಡರೆ ಸ್ಕಾಲರ್‌ಶಿಪ್ ಹೋಗುತ್ತದೆ ಎಂಬ ಭಯವನ್ನು ನೀವು ತೆಗೆದುಹಾಕಿದ ದಿನ ಈ ಪಿಸುಮಾತು ನಿಲ್ಲುತ್ತದೆ. ಎಷ್ಟೋ ಮಂಡಿಗಳು, ಎಷ್ಟೋ ತಲೆಗಳು ಆ ಒಂದೇ ನಿಯಮದಿಂದ ಉಳಿಯುತ್ತವೆ ಎಂದು ನನ್ನ ವೃತ್ತಿಯ ಮೇಲೆ ಆಣೆಯಿಟ್ಟು ಹೇಳುತ್ತೇನೆ.

ಮಾತು ಉಳಿಸಿಕೊಳ್ಳುವುದು ಆಗದ ಕೆಲಸ ಅಂತ ಹೇಳಬೇಡಿ. ನಿಮ್ಮಲ್ಲೇ ಒಬ್ಬರು ಮಾಡಿ ತೋರಿಸಿದ್ದಾರೆ. ಇಂಡಿಯಾನಾದ ಆಸ್ಟಿನ್ ಹ್ಯಾಚ್ 2011ರ ಜೂನ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಬಾಯಿಮಾತಿನಲ್ಲಿ ಕಮಿಟ್ ಆದ. ಅದಾಗಿ ಎರಡು ವಾರ ಕಳೆದಿರಲಿಲ್ಲ, ತಂದೆ ನಡೆಸುತ್ತಿದ್ದ ಸಣ್ಣ ವಿಮಾನ ಬಿತ್ತು. ತಂದೆ, ಮಲತಾಯಿ ಇಬ್ಬರೂ ಸತ್ತರು. 2003ರಲ್ಲಿ ಇಂಥದ್ದೇ ಇನ್ನೊಂದು ಅಪಘಾತದಲ್ಲಿ ಅವನ ತಾಯಿ ಮತ್ತು ಇಬ್ಬರು ಒಡಹುಟ್ಟಿದವರು ಹೋಗಿದ್ದರು. ಮಿದುಳಿಗೆ ತೀವ್ರ ಪೆಟ್ಟಾಗಿ ವಾರಗಟ್ಟಲೆ ಕೋಮಾದಲ್ಲಿದ್ದ ಆ ಹುಡುಗ ಮತ್ತೆ ನಡೆಯುವುದನ್ನು, ಮಾತಾಡುವುದನ್ನು ಕಲಿಯಬೇಕಾಯಿತು. ಅವನ ಹತ್ತಿರ ಸಹಿ ಹಾಕಿದ ಒಂದು ಕಾಗದವೂ ಇರಲಿಲ್ಲ. ಕೋಚ್ ಜಾನ್ ಬೀಲೈನ್ ಅವನ ಸ್ಕಾಲರ್‌ಶಿಪ್ ಅವನಿಗಾಗಿ ಇದೆ ಅಂದರು. 2013ರ ನವೆಂಬರ್‌ನಲ್ಲಿ ಹುಡುಗ ಸಹಿ ಹಾಕಿದ, 2014ರಲ್ಲಿ ಕ್ಯಾಂಪಸ್ಸಿಗೆ ಬಂದ. ಆ ಡಿಸೆಂಬರ್‌ನಲ್ಲಿ ಕಾಪಿನ್ ಸ್ಟೇಟ್ ವಿರುದ್ಧದ ಪಂದ್ಯದಲ್ಲಿ ಒಂದು ಫ್ರೀ ಥ್ರೋ ಹಾಕಿದ. ಇಡೀ ಕಾಲೇಜು ಬದುಕಿನಲ್ಲಿ ಅವನು ಗಳಿಸಿದ ಅಂಕ ಅದೊಂದೇ. ಮರುವರ್ಷ ವೈದ್ಯಕೀಯ ಕಾರಣಕ್ಕೆ ಆಟ ಬಿಟ್ಟ, ಸ್ಕಾಲರ್‌ಶಿಪ್ ಹಾಗೇ ಉಳಿಯಿತು. ತಂಡದ ಲೆಕ್ಕದಲ್ಲಿ ಅವನ ಜಾಗ ಬೇರೊಬ್ಬನಿಗೆ ಖಾಲಿಯಾಯಿತು, ಅವನು ಸಹಾಯಕನಾಗಿ ತಂಡದ ಜತೆಯೇ ಇದ್ದ. 2018ರಲ್ಲಿ ಪದವಿ ಪಡೆದ. ಅದೇ 2018ರಲ್ಲಿ ಮಿಷಿಗನ್ ತಂಡ ರಾಷ್ಟ್ರೀಯ ಫೈನಲ್ ಆಡಿತು. ಮಾತಿಗೆ ನಿಂತದ್ದರಿಂದ ತಂಡಕ್ಕೆ ಏನೂ ಕೊರತೆಯಾಗಲಿಲ್ಲ.

ಇದನ್ನು ಓದಿ ಕಣ್ಣು ಒದ್ದೆಯಾಗದವರು ಕಡಿಮೆ. ಆದರೆ ನನ್ನನ್ನು ಕಾಡುವುದು ಬೇರೆ. ಅಷ್ಟು ದೊಡ್ಡ ದುರಂತವಾದಾಗ, ಟಿವಿ ಕ್ಯಾಮೆರಾ ಇದ್ದಾಗ ಮನಸ್ಸು ಕರಗುತ್ತದೆ. ಬರೀ ಒಂದು ಮಂಡಿ ಹೋದ, ಅಪ್ಪ ಅಮ್ಮ ಇಬ್ಬರೂ ಬದುಕಿರುವ, ಯಾವ ಪತ್ರಿಕೆಯಲ್ಲೂ ಹೆಸರು ಬರದ ಹುಡುಗಿಗೆ ಅದೇ ನ್ಯಾಯ ಸಿಗಬೇಡವೇ? ಬೀಲೈನ್ ಮಾಡಿದ್ದು ಒಬ್ಬ ಮನುಷ್ಯನ ದೊಡ್ಡತನ. ಎಲ್ಲ ಕೋಚ್‌ಗಳಿಂದ ಅದನ್ನು ನಿರೀಕ್ಷಿಸಲಾಗದು, ನಾಳೆ ಕೋಚ್ ಬೇರೆ ಕೆಲಸಕ್ಕೆ ಹೋದರೆ ಅವನ ಮಾತೂ ಅವನ ಜತೆಗೇ ಹೋಗುತ್ತದೆ. ಅದಕ್ಕೇ ನಿಯಮ ಬೇಕು ಅನ್ನುತ್ತಿರುವುದು.

ಗಾಯದ ಹೊಣೆಯಿಂದ ಜಾರಿಕೊಳ್ಳುವ ಅಭ್ಯಾಸ ನಿಮ್ಮ ಸಂಸ್ಥೆಗಳಿಗೆ ಹಳೆಯದು. ಕೊಲೊರಾಡೊದ ಫೋರ್ಟ್ ಲೂಯಿಸ್ ಕಾಲೇಜಿನ ರೇ ಡೆನಿಸನ್ 1955ರಲ್ಲಿ ಫುಟ್‌ಬಾಲ್ ಆಡುವಾಗ ತಲೆಗೆ ಪೆಟ್ಟಾಗಿ ಸತ್ತಾಗ, ಕಾರ್ಮಿಕರಿಗೆ ಸಿಗುವ ಪರಿಹಾರ ಕೇಳಿದ ಅವನ ಹೆಂಡತಿಗೆ 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಇಲ್ಲ ಅಂದಿತು. 1974ರಲ್ಲಿ ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಕೆಂಟ್ ವಾಲ್ಡ್ರೆಪ್ ಮೈದಾನದಲ್ಲಿ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡ. ವರ್ಷಗಟ್ಟಲೆ ಕೋರ್ಟು ಅಲೆದ ಅವನಿಗೂ 2000ದಲ್ಲಿ ಅದೇ ಉತ್ತರ. 1973ರಲ್ಲಿ ಎನ್‌ಸಿಎಎ ನಾಲ್ಕು ವರ್ಷದ ಸ್ಕಾಲರ್‌ಶಿಪ್ ಪದ್ಧತಿ ತೆಗೆದು ವರ್ಷವರ್ಷ ನವೀಕರಿಸುವ ಪದ್ಧತಿ ತಂದಿತ್ತು. ಅದು ಸುಮಾರು ನಾಲ್ಕು ದಶಕ ನಡೆಯಿತು. ಮತ್ತೆ ಹಲವು ವರ್ಷದ ಸ್ಕಾಲರ್‌ಶಿಪ್ ಕೊಡಲು ಅವಕಾಶ ಮಾಡಿದಾಗ, ಕೊಡಲೇಬೇಕೆಂದಲ್ಲ, ಕೊಡಬಹುದು ಎಂದಷ್ಟೇ, 2012ರ ಫೆಬ್ರುವರಿಯಲ್ಲಿ ಅದನ್ನು ರದ್ದುಮಾಡಲು ಶೇಕಡ 62ಕ್ಕೂ ಹೆಚ್ಚು ಮತ ಬಿತ್ತು. ರದ್ದಾಗಲು 62.5 ಬೇಕಿತ್ತು. ಕೂದಲೆಳೆಯಲ್ಲಿ ಉಳಿಯಿತು.

ಆಮೇಲೆ ಗಾಳಿ ತಿರುಗಿದ್ದೂ ನಿಜ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅದೇ 2012ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ತಂದಿತು: ಪ್ರಸಾರ ಹಕ್ಕಿನಿಂದ ವರ್ಷಕ್ಕೆ 1 ಕೋಟಿ ಡಾಲರ್‌ಗಿಂತ ಹೆಚ್ಚು ಗಳಿಸುವ ಕಾಲೇಜುಗಳು, ಆಡುವಾಗ ಗಾಯಗೊಂಡು ಸ್ಕಾಲರ್‌ಶಿಪ್ ಕಳೆದುಕೊಂಡ ವಿದ್ಯಾರ್ಥಿಗೆ ಅಷ್ಟೇ ಮೊತ್ತದ ನೆರವು ಕೊಡಬೇಕು. 2015ರಲ್ಲಿ ಐದು ದೊಡ್ಡ ಕಾನ್ಫರೆನ್ಸ್‌ಗಳು, ಅಂದರೆ ಪರಸ್ಪರ ಆಡುವ ಕಾಲೇಜುಗಳ ಒಕ್ಕೂಟಗಳು, ಆಟದ ಕಾರಣಕ್ಕೆ ಸ್ಕಾಲರ್‌ಶಿಪ್ ಕಿತ್ತುಕೊಳ್ಳುವುದಿಲ್ಲ ಎಂದು ಮತ ಹಾಕಿದವು. 2024ರ ಆಗಸ್ಟ್‌ನಿಂದ ಎನ್‌ಸಿಎಎಯ ಮೇಲಿನ ಹಂತವಾದ ಡಿವಿಷನ್ 1ರ ಎಲ್ಲ ಕಾಲೇಜುಗಳಿಗೂ ಅದು ನಿಯಮ. ಜತೆಗೆ ಆಟದಿಂದಾದ ಗಾಯಕ್ಕೆ ಕಾಲೇಜು ಬಿಟ್ಟ ಮೇಲೂ ಕನಿಷ್ಠ ಎರಡು ವರ್ಷ ವೈದ್ಯಕೀಯ ವೆಚ್ಚ. ಇವೆಲ್ಲ ಒಳ್ಳೆಯವು. ಆದರೆ ಎಲ್ಲವೂ ನಿಮ್ಮ ಗೇಟಿನ ಒಳಗೆ ಬಂದವರಿಗೆ. ಗೇಟಿನ ಹೊರಗೆ, ನಿಮ್ಮ ಮಾತು ನಂಬಿ ನಿಂತಿರುವ ಹದಿನಾರು ಹದಿನೇಳು ವರ್ಷದವರಿಗೆ ಇವುಗಳಲ್ಲಿ ಒಂದೂ ತಾಗುವುದಿಲ್ಲ.

ಗೇಟಿನ ಹೊರಗಿನವರಿಗೂ ಮಾಡಬಹುದು ಎಂಬುದಕ್ಕೆ ಇತ್ತೀಚಿನ ಸಾಕ್ಷಿ ಇದೆ. ಆಟಗಾರರಿಗೆ ಹಣ ಸಿಗಬೇಕೆಂದು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಮೊಕದ್ದಮೆಯ ರಾಜಿಯಲ್ಲಿ ಸ್ಕಾಲರ್‌ಶಿಪ್ ಮಿತಿ ತೆಗೆದು ತಂಡದ ಗಾತ್ರಕ್ಕೆ ಮಿತಿ ಹಾಕಿದಿರಿ: ಫುಟ್‌ಬಾಲ್‌ಗೆ 105, ಬೇಸ್‌ಬಾಲ್‌ಗೆ 34, ಸಾಕರ್‌ಗೆ 28. ಅಂತಿಮ ಒಪ್ಪಿಗೆ ಸಿಗುವ ಮೊದಲೇ ಕಾಲೇಜುಗಳು ಆಟಗಾರರನ್ನು ಕೈಬಿಡಲು ಶುರುಮಾಡಿದವು, ಮಾತು ಕೊಟ್ಟಿದ್ದ ಹೈಸ್ಕೂಲ್ ಮಕ್ಕಳನ್ನೂ. 2025ರ ಏಪ್ರಿಲ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಇದನ್ನು ಸರಿಪಡಿಸದೆ ಒಪ್ಪಿಗೆ ಕೊಡಲಾಗದು ಅಂದರು. ಆಗ ದಾರಿ ಸಿಕ್ಕಿತು. ಹಾಗೆ ಜಾಗ ಕಳೆದುಕೊಂಡವರನ್ನು ಕಾಲೇಜು ಮತ್ತೆ ಸೇರಿಸಿಕೊಂಡರೆ ಅವರು ಮಿತಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಬರೆದುಕೊಂಡಿರಿ, ಜೂನ್ 6ರಂದು ಒಪ್ಪಿಗೆ ಬಂತು. ಸೇರಿಸಿಕೊಳ್ಳಲೇಬೇಕು ಎಂದು ಬರೆಯಲಿಲ್ಲ, ಅದು ನನ್ನ ಅಸಮಾಧಾನ. ಆದರೂ ಹೈಸ್ಕೂಲ್ ಮಗುವಿಗೆ ಕೊಟ್ಟ ಮಾತಿಗೆ ತೂಕ ಇದೆ ಎಂಬುದನ್ನು ನೀವೇ ಸಹಿ ಹಾಕಿ ಒಪ್ಪಿಕೊಂಡಂತಾಯಿತು. ಆ ಮಕ್ಕಳ ಜಾಗ ಹೋದದ್ದು ಒಂದು ಒಪ್ಪಂದದಿಂದ. ನನ್ನಲ್ಲಿಗೆ ಬರುವವರ ಜಾಗ ಹೋಗುವುದು ಮಂಡಿಯಿಂದ. ಎರಡರಲ್ಲೂ ಮಗುವಿನ ತಪ್ಪಿಲ್ಲ.

ಕೋಚ್‌ಗಳ ಕಷ್ಟ ನನಗೆ ಅರ್ಥವಾಗುತ್ತದೆ. ಫುಟ್‌ಬಾಲ್‌ನ ಕೋಟಿಗಳನ್ನು ಬಿಡಿ, ಸಣ್ಣ ಕಾಲೇಜಿನ ಈಜು ಕೋಚ್ ಒಬ್ಬರನ್ನು ನೆನೆಯಿರಿ. ರಾಜಿಗೆ ಮುಂಚಿನ ನಿಯಮದಲ್ಲಿ ಪುರುಷರ ಈಜಿಗೆ ಇದ್ದದ್ದು 9.9 ಸ್ಕಾಲರ್‌ಶಿಪ್, ಬೇಸ್‌ಬಾಲ್‌ಗೆ 11.7. ಅದನ್ನೇ ಚೂರುಚೂರು ಮಾಡಿ ಇಡೀ ತಂಡಕ್ಕೆ ಹಂಚಬೇಕಿತ್ತು. ಅಂಥ ಕಡೆ ಆಡಲಾಗದ ಒಬ್ಬನಿಗೆ ಅರ್ಧ ಸ್ಕಾಲರ್‌ಶಿಪ್ ಇಟ್ಟರೆ ಇನ್ನಿಬ್ಬರಿಗೆ ಇಲ್ಲ. ಸೋತರೆ ಆ ಕೋಚ್‌ನ ಕೆಲಸವೇ ಹೋಗುತ್ತದೆ, ಅವರಿಗೂ ಮನೆ ಮಕ್ಕಳು ಇದ್ದಾರೆ. ಹಾಗಾಗಿಯೇ ಈ ಪತ್ರ ಅವರಿಗೆ ಅಲ್ಲ, ನಿಮಗೆ. ಗಾಯಗೊಂಡ ಮಗುವಿನ ಸ್ಕಾಲರ್‌ಶಿಪ್ ಹಣ ಕೋಚ್‌ನ ಬಜೆಟ್ಟಿನಿಂದ ಬರಬಾರದು, ವಿಶ್ವವಿದ್ಯಾಲಯದ ಬೊಕ್ಕಸದಿಂದ ಬರಬೇಕು. ಆಗ ಕೋಚ್ ತನ್ನ ತಂಡವನ್ನೂ ತನ್ನ ಮಾತನ್ನೂ ಎರಡನ್ನೂ ಉಳಿಸಿಕೊಳ್ಳಬಹುದು. ಮೈದಾನಕ್ಕೆ ಇಳಿಯಲಾಗದ ಹುಡುಗಿ ತಂಡದ ಪಟ್ಟಿಯಲ್ಲಿ ಜಾಗ ಕೇಳುವುದಿಲ್ಲ, ತರಗತಿಯಲ್ಲಿ ಕೇಳುತ್ತಾಳೆ. ರಾಜಿಯ ಮೊದಲ ವರ್ಷ ಆಟಗಾರರಿಗೆ 2 ಕೋಟಿ 5 ಲಕ್ಷ ಡಾಲರ್‌ವರೆಗೆ ಹಂಚಬಹುದಾದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಇದು ಭಾರವೇ ಅಲ್ಲ. ಅಷ್ಟು ಶಕ್ತಿಯಿಲ್ಲದ ಕಾಲೇಜುಗಳು ತಮ್ಮ ಕಾನ್ಫರೆನ್ಸ್ ಮಟ್ಟದಲ್ಲಿ ಎಲ್ಲರೂ ಸೇರಿ ಒಂದು ನಿಧಿ ಮಾಡಿಕೊಳ್ಳಲಿ.

ಮಕ್ಕಳೂ ಮಾತು ಮುರಿಯುತ್ತಾರಲ್ಲ, ಸಹಿಯ ಹಿಂದಿನ ದಿನ ಬೇರೆ ಕಾಲೇಜಿಗೆ ಹೋಗುವವರಿಲ್ಲವೇ ಎಂದು ಕೇಳುತ್ತೀರಿ. ಇದ್ದಾರೆ. ಅದು ಸರಿಯಲ್ಲ, ನಮ್ಮ ಮಕ್ಕಳಿಗೂ ನಾವು ಅದನ್ನೇ ಹೇಳಿಕೊಡಬೇಕು. ಆದರೆ ಒಬ್ಬ ಮಿಡ್‌ಫೀಲ್ಡರ್ ಕೈತಪ್ಪಿದರೆ ನಿಮ್ಮ ಪಟ್ಟಿಯಲ್ಲಿ ಮುಂದಿನ ಹೆಸರು ಇರುತ್ತದೆ, ವಾರದೊಳಗೆ ಫೋನ್ ಮಾಡುತ್ತೀರಿ. ನವೆಂಬರ್‌ನಲ್ಲಿ ಕೈಬಿಟ್ಟ ಹುಡುಗಿಗೆ ಮುಂದಿನ ಹೆಸರು ಯಾವುದು? ಮತ್ತೆ, ನಿಮ್ಮಲ್ಲಿ ವಕೀಲರಿದ್ದಾರೆ, ಡಾಕ್ಟರಿದ್ದಾರೆ, ನೂರು ವರ್ಷದ ಅನುಭವವಿದೆ. ಅವಳಿಗೆ ಹದಿನೇಳು ವರ್ಷ. ಇಬ್ಬರಿಗೂ ಒಂದೇ ತಕ್ಕಡಿ ಹಿಡಿಯಲು ಬರುವುದಿಲ್ಲ.

ಇನ್ನೊಂದನ್ನು ಹೇಳದೆ ಬಿಡಲಾರೆ. ಒಂದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಿಗೆ ಎಸಿಎಲ್ ಹರಿಯುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. 1972ರ ಟೈಟಲ್ 9 ಕಾನೂನಿನಿಂದ ಹೆಣ್ಣುಮಕ್ಕಳಿಗೆ ಕಾಲೇಜು ಆಟದ ಬಾಗಿಲು ತೆರೆಯಿತು ಎಂದು ನೀವೆಲ್ಲ ಹೆಮ್ಮೆಪಡುತ್ತೀರಿ. ಗಾಯವಾದರೆ ಆಫರ್ ಇಲ್ಲ ಎಂಬ ನಡವಳಿಕೆ ಯಾರನ್ನು ಹೆಚ್ಚು ಹೊರಗೆ ಹಾಕುತ್ತಿದೆ ಎಂದು ನಿಮ್ಮ ಕಚೇರಿಯವರು ಒಮ್ಮೆ ಕೂತು ಲೆಕ್ಕ ಹಾಕಲಿ.

ಕನ್ನಡದ ತಂದೆತಾಯಂದಿರಿಗೂ ನಾಲ್ಕು ಮಾತು. ನಮ್ಮಲ್ಲಿ ಹಲವರು ಬೆಂಗಳೂರಿನ ಸಿಇಟಿ ಲೆಕ್ಕದಲ್ಲಿ ಯೋಚಿಸುತ್ತೇವೆ. ಅಲ್ಲಿ ಕ್ರೀಡಾ ಕೋಟಾದ ಸೀಟು ಸಿಗುವುದು ಆಗಲೇ ಗೆದ್ದ ಪದಕಕ್ಕೆ, ಇಟ್ಟುಕೊಂಡ ಸರ್ಟಿಫಿಕೇಟಿಗೆ. ಆಮೇಲೆ ಕಾಲು ಉಳುಕಿದರೆ ಸೀಟು ಹೋಗುವುದಿಲ್ಲ. ಇಲ್ಲಿ ಆಫರ್ ಕೊಡುವುದು ನಾಳೆ ಆಡುವ ಆಟಕ್ಕೆ. ಹಾಗಾಗಿ ಕೋಚ್ ಎಷ್ಟೇ ಒಳ್ಳೆಯವರಾಗಿ ಕಂಡರೂ, ಮನೆಗೆ ಬಂದು ನಿಮ್ಮ ಬಿಸಿಬೇಳೆಬಾತ್ ಹೊಗಳಿದರೂ, ಒಂದು ಪ್ರಶ್ನೆ ಕೇಳಿ: "ನಾಳೆ ಇವಳಿಗೆ ಗಾಯವಾದರೆ ಈ ಆಫರ್ ಇರುತ್ತದೆಯೇ?" ಕೇಳಲು ಸಂಕೋಚ ಬೇಡ, ಅದು ಅವಮರ್ಯಾದೆಯ ಪ್ರಶ್ನೆ ಅಲ್ಲ. ಉತ್ತರವನ್ನು ನೀವೇ ಬರೆದಿಟ್ಟುಕೊಳ್ಳಿ. ಆಗಸ್ಟ್ 1 ಬಂದ ಕೂಡಲೇ ಬರಹದ ಆಫರ್ ಕೇಳಿ. ಬರಹ ಬರುವ ತನಕ ಬೇರೆ ಕೋಚ್‌ಗಳಿಗೆ ಬೇಡ ಅನ್ನಬೇಡಿ, ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುವ ಅವಸರವೂ ಬೇಡ. ಐವಿ ಲೀಗ್ ಮತ್ತು ಡಿವಿಷನ್ 3 ಕಾಲೇಜುಗಳಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ಪೇ ಇಲ್ಲ, ಅಲ್ಲಿ ಕೋಚ್ ಕೊಡುವುದು ಅಡ್ಮಿಷನ್ನಿಗೆ ಬೆಂಬಲ ಮಾತ್ರ. ಅದರ ಬಗ್ಗೆಯೂ ಇದೇ ಪ್ರಶ್ನೆ ಕೇಳಿ. ಓದಿನ ಅಂಕಗಳನ್ನು ಕೈಬಿಡಬೇಡಿ, ಅಂಕಕ್ಕೆ ಸಿಗುವ ನೆರವು ಮಂಡಿಯ ಮೇಲೆ ನಿಂತಿರುವುದಿಲ್ಲ. ಮತ್ತೆ ದಯವಿಟ್ಟು, ಮಗು ನೋವು ಅಂದಾಗ ಡಾಕ್ಟರ ಬಳಿ ಕರೆದುಕೊಂಡು ಹೋಗಿ, ಆಫರ್ ಏನಾದರೂ ಆಗಲಿ.

ಮಾನ್ಯರೇ, ಎನ್‌ಸಿಎಎ ಹೇಳಲಿ, ಸಂಸತ್ತು ಕಾನೂನು ಮಾಡಲಿ ಎಂದು ನೀವು ಕಾಯಬೇಕಿಲ್ಲ. ಕೊಟ್ಟ ಆಫರನ್ನು ಉಳಿಸಿಕೊಳ್ಳಬಾರದು ಎನ್ನುವ ನಿಯಮ ಎಲ್ಲೂ ಇಲ್ಲ. ಒಂದು ವಿಶ್ವವಿದ್ಯಾಲಯ ಮೊದಲು ಮಾಡಿದರೆ, ಒಳ್ಳೆಯ ಆಟಗಾರರ ಮನೆಯವರು ಆ ಕಾಲೇಜಿನ ಕಡೆಗೇ ಮುಖ ಮಾಡುತ್ತಾರೆ. ನಾನೇ ನನ್ನಲ್ಲಿಗೆ ಬರುವ ಪ್ರತಿ ಮನೆಯವರಿಗೂ ಹೇಳುತ್ತೇನೆ. ಬರುವ ಆಗಸ್ಟ್ 1ರಂದು ನಿಮ್ಮ ಕಾಲೇಜಿನಿಂದ ಹೊರಡುವ ಪ್ರತಿ ಆಫರ್ ಪತ್ರದಲ್ಲಿ, ಅದಕ್ಕೂ ಮುಂಚೆ ಕೋಚ್ ಆಡುವ ಬಾಯಿಮಾತಿನ ಆಫರ್‌ನಲ್ಲೂ, ಈ ಸಾಲುಗಳನ್ನು ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ:

"ಈ ಆಫರ್ ವಿಶ್ವವಿದ್ಯಾಲಯದ್ದು, ಕೋಚ್‌ನದ್ದಲ್ಲ. ನೀವು ಒಪ್ಪಿಕೊಂಡ ದಿನದಿಂದ ಸಹಿ ಹಾಕುವ ದಿನದವರೆಗೆ ನಿಮಗೆ ಗಾಯವಾದರೆ ಅಥವಾ ಕಾಯಿಲೆ ಬಂದರೆ, ಪ್ರವೇಶಕ್ಕೆ ಬೇಕಾದ ಓದಿನ ಅರ್ಹತೆ ನಿಮಗಿರುವ ತನಕ, ಹೇಳಿದ ಮೊತ್ತವನ್ನು ಪದವಿ ಮುಗಿಯುವವರೆಗೆ ಕೊಡುತ್ತೇವೆ. ನೀವು ಮತ್ತೆ ಆಡಲು ಆಗದಿದ್ದರೂ ಕೊಡುತ್ತೇವೆ. ಆ ಹಣವನ್ನು ತಂಡದ ಬಜೆಟ್ಟಿನಿಂದ ತೆಗೆಯುವುದಿಲ್ಲ."

ಸೇರಿಸುತ್ತೀರೋ ಇಲ್ಲವೋ, ಇಲ್ಲವಾದರೆ ಯಾಕೆ ಎಂಬುದನ್ನು ನಿಮ್ಮ ಕಾಲೇಜಿನ ಹೆಸರಿನಲ್ಲಿ ಎಲ್ಲರಿಗೂ ಕಾಣುವಂತೆ ತಿಳಿಸಿ.

ಇಂತಿ,
ನ್ಯೂಜೆರ್ಸಿಯ ಒಬ್ಬ ಕನ್ನಡತಿ, ಫಿಸಿಯೋಥೆರಪಿಸ್ಟ್